ಕನ್ಸೆಷನ್ ಬೇಡ, ಬಿಲ್ ತಿದ್ದಿ ಕೊಡಿ

ಆಸ್ಪತ್ರೆಯವರು 1,500 ರೂಪಾಯಿ ಬಿಡುತ್ತೇವೆ ಎಂದರು. ನಾನು ಬೇಡ ಎಂದೆ. ಕೊನೆಗೆ ನನ್ನ ಕೈಗೆ ಬಂದದ್ದು 1,312 ರೂಪಾಯಿ. ನನ್ನ ತಂಗಿಯಿಂದ ಹಿಡಿದು ಓಣಿಯ ಮೂಲೆಯ ಔಷಧಿ ಅಂಗಡಿಯವರ ತನಕ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಜಾಸ್ತಿ ಕೊಡ್ತೀವಿ ಅಂದದ್ದನ್ನು ಬಿಟ್ಟು ಕಡಿಮೆ ಯಾಕೆ ತಗೊಂಡ್ರಿ? ಆ ಪ್ರಶ್ನೆಗೆ ಉತ್ತರ ಬಾಯಲ್ಲಿ ಹೇಳಿದರೆ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಾ ನಿವೃತ್ತಳಾದವಳು ನಾನು. ನಮ್ಮ ಮನೆಯವರಿಗೆ 66 ವರ್ಷ. ಬಿಪಿ ಇದೆ, ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಂದು ಭಾನುವಾರ ಬೆಳಗಿನ ಜಾವ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದೇ ತಡ, ಮನೆಯೆಲ್ಲ ತಿರುಗಿದ ಹಾಗಾಗಿ ವಾಂತಿ ಮಾಡಿಕೊಂಡರು. ಎದ್ದು ಕೂರಲಾಗಲಿಲ್ಲ. ಮಗ ಊರಲ್ಲಿಲ್ಲ. ಪಕ್ಕದ ಮನೆಯ ಹುಡುಗ ಆಟೋ ತಂದ, ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಮರ್ಜೆನ್ಸಿಯಲ್ಲಿ ಮಲಗಿಸಿದರು, ಇಸಿಜಿ ತೆಗೆದರು, ರಕ್ತ ತೆಗೆದರು, ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದರು, ಗ್ಲೂಕೋಸ್ ಹಾಕಿದರು. ಡಾಕ್ಟರು ಬಂದರು. ನಿಂತಲ್ಲೇ ಬಿಪಿ ಮಾತ್ರೆಯ ಹೆಸರು ಕೇಳಿದರು. "ಬಲಕ್ಕೆ ಹೊರಳಿದಾಗ ಮಾತ್ರ ಹಿಂಗಾಗುತ್ತೆ ಸಾರ್" ಎಂದು ನಾನು ಹೇಳುತ್ತಿದ್ದಂತೆ ಅವರು ನರ್ಸ್ ಕಡೆ ತಿರುಗಿಯಾಗಿತ್ತು. "ಸ್ಕ್ಯಾನ್ ನಾರ್ಮಲ್ ಐತಿ, ಗ್ಯಾಸ್ಟ್ರಿಕ್ ಇರಬಹುದು, ವೀಕ್‌ನೆಸ್ಸೂ ಐತಿ" ಎಂದು ಹೇಳಿ ಹೋದರು. ಮಧ್ಯಾಹ್ನದ ಹೊತ್ತಿಗೆ ಕಳಿಸಿದರು. ಬಿಲ್ 11,360 ರೂಪಾಯಿ. ಆ ರಾತ್ರಿ ಮತ್ತೆ ಮಗ್ಗುಲು ಬದಲಿಸಿದಾಗ ಮತ್ತೆ ಅದೇ ತಿರುಗಾಟ.

ಆಮೇಲೆ ಕಿವಿ-ಮೂಗು-ಗಂಟಲು ಡಾಕ್ಟರೊಬ್ಬರ ಬಳಿ ಹೋದೆವು. ನಂಬರ್ ಚೀಟಿ ಕೊಡುವಾಗಲೇ ಅಲ್ಲಿನ ಹುಡುಗಿ ಫೀ ಎಷ್ಟೆಂದು ಹೇಳಿದಳು. ಡಾಕ್ಟರಮ್ಮ ಕೂರಿಸಿಕೊಂಡು ಕೇಳಿದ ಮೊದಲ ಪ್ರಶ್ನೆಯೇ "ಮಲಗಿದ್ದಾಗ ಹೊರಳಿದರೆ ಬರುತ್ತಾ, ಸುಮ್ಮನೆ ಕೂತಿದ್ದಾಗಲೂ ಬರುತ್ತಾ?" ಎಂದು. ಇವರ ತಲೆಯನ್ನು ಒಂದು ಕಡೆ ತಿರುಗಿಸಿ ಹಿಡಿದು ತಟ್ಟನೆ ಹಿಂದಕ್ಕೆ ಮಲಗಿಸಿ ಕಣ್ಣುಗುಡ್ಡೆಗಳನ್ನೇ ನೋಡಿದರು. ಅವು ಅದುರುತ್ತಿದ್ದವು. ಒಳಗಿವಿಯಲ್ಲಿ ಇರುವ ಕ್ಯಾಲ್ಸಿಯಂನ ಸಣ್ಣ ಹರಳುಗಳು ಜಾಗ ಬಿಟ್ಟು ಅರ್ಧಚಂದ್ರದ ನಾಳಗಳೊಳಗೆ ಹೋದರೆ ಹೀಗಾಗುತ್ತದೆ, ಬಿಪಿಪಿವಿ ಅಂತ ಕರೆಯುತ್ತಾರೆ ಎಂದು ವಿವರಿಸಿದರು. ಎಪ್ಲಿ ಎಂಬ ವಿಧಾನದಲ್ಲಿ ತಲೆಯನ್ನು ಒಂದೊಂದು ಭಂಗಿಗೆ ತಿರುಗಿಸುತ್ತಾ, ಪ್ರತಿಯೊಂದರಲ್ಲೂ ಸ್ವಲ್ಪ ಹೊತ್ತು ನಿಲ್ಲಿಸಿ, ಕೊನೆಗೆ ಎಬ್ಬಿಸಿ ಕೂರಿಸಿದರು. ಯಂತ್ರವಿಲ್ಲ, ಸೂಜಿಯಿಲ್ಲ. ನಮ್ಮ ಮನೆಯವರು ಗೋಡೆ ಹಿಡಿಯದೆ ನಡೆದು ಬಂದರು.

ಇಷ್ಟು ಕೇಳಿದವರೆಲ್ಲ "ಹಂಗಾದ್ರೆ ಮೊದಲನೇ ಆಸ್ಪತ್ರೆ ದುಡ್ಡು ಪೂರ್ತಿ ವಾಪಸ್ ಕೇಳಬೇಕಿತ್ತು" ಎನ್ನುತ್ತಾರೆ. ನಾನು ಹಾಗೆ ಕೇಳಲಿಲ್ಲ, ಕೇಳುವುದು ನ್ಯಾಯವೂ ಅಲ್ಲ. ಬಿಪಿ ಇರುವ 66ರ ಗಂಡಸು ತಲೆ ತಿರುಗಿ ವಾಂತಿ ಮಾಡಿಕೊಳ್ಳುತ್ತಾ ಬಂದರೆ ವೈದ್ಯರಿಗೆ ಮೊದಲು ನೆನಪಾಗಬೇಕಾದದ್ದು ಮೆದುಳಿನ ಪಾರ್ಶ್ವವಾಯು. ಹಿಂಮೆದುಳಿಗೆ ರಕ್ತ ನಿಂತರೆ ಕೈಕಾಲು ಚೆನ್ನಾಗಿರುವಾಗಲೂ ಬರೀ ತಲೆಸುತ್ತಾಗಿ ಕಾಣಿಸಿಕೊಳ್ಳಬಹುದು. ಸ್ಕ್ಯಾನಿನ 3,200 ರೂಪಾಯಿ, ಇಸಿಜಿಯ 350, ರಕ್ತ ಪರೀಕ್ಷೆಯ 1,850, ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಭಯ ಪಡಬೇಕಾದ ಹೊತ್ತಿನಲ್ಲಿ ಅವರು ಭಯ ಪಟ್ಟರು, ಸರಿ. ಗುಣವಾಗಲಿಲ್ಲ ಎಂಬ ಕಾರಣಕ್ಕೂ ದುಡ್ಡು ಕೇಳಲು ಬರುವುದಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಿಯಮಾವಳಿ, ಗುಣವಾದರೆ ಮಾತ್ರ ಫೀ ಎಂಬ ಕರಾರನ್ನೇ ಅನೈತಿಕ ಎಂದು ಹೇಳುತ್ತದೆ. ಯಾವ ಡಾಕ್ಟರೂ ಗುಣವಾಗುವ ಭರವಸೆ ಮಾರಬಾರದು ಎಂಬುದು ಅದರ ಹಿಂದಿನ ಅರ್ಥ, ನನಗದು ಒಪ್ಪಿಗೆ. ಕಿವಿಗೊಡದೆ ಹೋದರಲ್ಲ, ಅದರ ಬಗ್ಗೆ ನನಗೆ ಸಿಟ್ಟಿದೆ. ಆ ಸಿಟ್ಟನ್ನು ಬೇರೆ ಹಾಳೆಯಲ್ಲಿ ಬರೆದು ಆಸ್ಪತ್ರೆಯ ಮುಖ್ಯಸ್ಥರಿಗೆ ಕೊಟ್ಟೆ. ಬಿಲ್ಲಿನ ಲೆಕ್ಕಕ್ಕೆ ಅದನ್ನು ಬೆರೆಸಲಿಲ್ಲ.

ಆದರೆ ಅದೇ ನಿಯಮಾವಳಿಯ ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ: ವೈದ್ಯರು ತಮ್ಮ ಫೀ ಎಷ್ಟೆಂದು ಸೇವೆಗೆ ಮೊದಲೇ ತಿಳಿಸಬೇಕು, ಚಿಕಿತ್ಸೆ ಶುರುವಾದ ಮೇಲಲ್ಲ. ಮೊದಲ ಭಾಗ ಎಲ್ಲ ಡಾಕ್ಟರರಿಗೂ ನೆನಪಿರುತ್ತದೆ. ಎರಡನೆಯದನ್ನು ನಾವೇ ನೆನಪಿಸಬೇಕು.

ಈಗ ಬಿಲ್ಲಿಗೆ ಬರುತ್ತೇನೆ. ಕೌಂಟರಿನಲ್ಲಿ ಕೊಟ್ಟದ್ದು ಅಂಗೈಯಗಲದ ಚೀಟಿ. ಆಸ್ಪತ್ರೆ ಶುಲ್ಕ 4,350, ತಪಾಸಣೆ 5,400, ಔಷಧಿ 1,610. ಮೂರೇ ಸಾಲು, ಅದೂ ಇಂಗ್ಲಿಷಿನಲ್ಲಿ. ತಪಾಸಣೆ ಏನೇನೆಂದು ಕಣ್ಣಾರೆ ನೋಡಿದ್ದೆ. ಆದರೆ ಆಸ್ಪತ್ರೆ ಶುಲ್ಕ ಎಂದರೇನು? ವಿವರವಾದ ಬಿಲ್ ಕೊಡಪ್ಪ ಎಂದೆ. "ಇದೇ ಬಿಲ್ಲು ಮೇಡಂ, ಸಿಸ್ಟಂನಾಗೆ ಹಿಂಗೇ ಬರ್ತತಿ" ಎಂದ ಆ ಹುಡುಗ. ಅವನ ಹಿಂದೆ ಕೂತಿದ್ದ ಹುಡುಗಿ ಏನೂ ಮಾತಾಡದೆ ಇನ್ನೊಂದು ಬಟನ್ ಒತ್ತಿ ಪ್ರಿಂಟ್ ತೆಗೆದು ಕೊಟ್ಟಳು. ಆ ಹುಡುಗಿಗೆ ನಾನು ಋಣಿ. ಅದರಲ್ಲಿ ಹೀಗಿತ್ತು: ನೋಂದಣಿ 150, ಎಮರ್ಜೆನ್ಸಿ ಚಾರ್ಜ್ 1,200, ಡಾಕ್ಟರ್ ಫೀ 700, ನ್ಯೂರೋ ಕನ್ಸಲ್ಟೇಷನ್ 1,000, ಬೆಡ್ 800, ನರ್ಸಿಂಗ್ 500.

ನ್ಯೂರೋ ಡಾಕ್ಟರು ಬಂದಿರಲಿಲ್ಲ. ಅವತ್ತು ಭಾನುವಾರ. ಮಂಚದ ಪಕ್ಕದ ಸ್ಟೂಲ್ ಬಿಟ್ಟು ನಾನು ಎದ್ದದ್ದು ಸ್ಕ್ಯಾನಿಗೆ ಹೋದಾಗ ಮಾತ್ರ, ಅದೂ ಇವರ ಜೊತೆಗೇ.

ಬಾಯಿಮಾತಿನಲ್ಲಿ ಜಗಳ ಆಡುವ ಬದಲು ದಾಖಲೆ ಕೇಳಿದೆ. ರೋಗಿಯೋ ಅವರ ಪರವಾಗಿ ಅಧಿಕಾರ ಇರುವವರೋ ವೈದ್ಯಕೀಯ ದಾಖಲೆ ಕೇಳಿದರೆ, ಕೇಳಿದ್ದಕ್ಕೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ಅದೇ ನಿಯಮಾವಳಿಯಲ್ಲಿದೆ. ಇವರ ಸಹಿ ಹಾಕಿಸಿ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. ಕೇಸ್ ಶೀಟಿನ ಜೆರಾಕ್ಸ್ ಬಂತು. ನ್ಯೂರೋ ಡಾಕ್ಟರರ ಟಿಪ್ಪಣಿ ಅದರಲ್ಲಿ ಎಲ್ಲೂ ಇರಲಿಲ್ಲ. ನರ್ಸ್ ಬರೆದ ಚಾರ್ಟಿನಲ್ಲಿ ವಾಂತಿ ನಿಲ್ಲುವ ಇಂಜೆಕ್ಷನ್, ತಲೆಸುತ್ತಿನ ಇಂಜೆಕ್ಷನ್ ಒಂದೊಂದು ಸಲ ಕೊಟ್ಟದ್ದು ಸಮಯದ ಸಮೇತ ಇತ್ತು. ಔಷಧಿ ಬಿಲ್ಲಿನಲ್ಲಿ ಅವು ಎರಡೆರಡು ಇದ್ದವು. ಅದರ ಜೊತೆ ಇನ್ನೊಂದು ಡ್ರಿಪ್ ಸೆಟ್. ಬಳಸದೆ ಉಳಿದವು ನಮ್ಮ ಕೈಗೂ ಬಂದಿಲ್ಲ, ವಾಪಸು ತೆಗೆದುಕೊಂಡ ಲೆಕ್ಕವೂ ಇಲ್ಲ. ಒಟ್ಟು 312 ರೂಪಾಯಿ.

ನರ್ಸ್‌ಗಳು ಬರೆಯುವ ಆ ಚಾರ್ಟನ್ನು ಯಾರೂ ಕೇಳಿ ನೋಡುವುದಿಲ್ಲ. ಇಡೀ ಕಡತದಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಂಡ ಹಾಳೆ ಅದೇ. ನಿದ್ದೆಗೆಟ್ಟ ಒಬ್ಬ ಹುಡುಗಿ ಕೊಟ್ಟದ್ದನ್ನು ಕೊಟ್ಟಂತೆ ಬರೆದಿದ್ದಳು.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟ ಮೇಲೆ ಮ್ಯಾನೇಜರ್ ಒಳಗೆ ಕರೆದು ಕೂರಿಸಿ ಚಹಾ ತರಿಸಿದರು. ಒಳ್ಳೆಯ ಮಾತಿನ ಮನುಷ್ಯ.

"ಮೇಡಂ, ನೀವು ಹಿರೇರು. ನಾನು ಸಾರ್ ಹತ್ರ ಮಾತಾಡಿ ಒಂದೂವರೆ ಸಾವಿರ ಕನ್ಸೆಷನ್ ಮಾಡಿಸ್ತೀನಿ. ಇಲ್ಲಿಗೆ ಮುಗಿಸೋಣ."

"ಕನ್ಸೆಷನ್ ಬೇಡಪ್ಪ. ಬರದೇ ಇರೋ ಡಾಕ್ಟರ ಫೀ ತೆಗೀರಿ, ಕೊಡದೇ ಇರೋ ಇಂಜೆಕ್ಷನ್ ದುಡ್ಡು ತೆಗೀರಿ. ಬಿಲ್ ತಿದ್ದಿ ಕೊಡ್ರಿ."

"ಎರಡೂ ಒಂದೇ ಅಲ್ಲೇನ್ರೀ ಮೇಡಂ? ದುಡ್ಡು ನಿಮಗೇ ಬರ್ತತಿ, ಜಾಸ್ತಿನೇ ಬರ್ತತಿ."

ಒಂದೇ ಅಲ್ಲ. ಸಹಕಾರ ಸಂಘದಲ್ಲಿ ಒಬ್ಬ ಸದಸ್ಯನ ಖಾತೆಗೆ ತಪ್ಪಾಗಿ ಸಾವಿರ ರೂಪಾಯಿ ಖರ್ಚು ಬಿದ್ದಿದ್ದರೆ, ಆಡಿಟರ್ ಬಂದಾಗ "ಅವರಿಗೆ ಬಡ್ಡಿಯಲ್ಲಿ ಸ್ವಲ್ಪ ಬಿಟ್ಟಿದ್ದೇವೆ ಸಾರ್" ಎಂದರೆ ನಡೆಯುತ್ತದೆಯೇ? ತಪ್ಪು ಬಿದ್ದ ನಮೂದನ್ನು ಹೆಸರಿಟ್ಟು ತೋರಿಸಿ, ಅದಕ್ಕೆ ಎದುರು ನಮೂದು ಹಾಕಿ, ಕಾರಣ ಬರೆದು ಸಹಿ ಮಾಡಬೇಕು. ಬಿಟ್ಟದ್ದು ಬೇರೆ, ತಿದ್ದಿದ್ದು ಬೇರೆ. ಕನ್ಸೆಷನ್ ತೆಗೆದುಕೊಂಡರೆ ನ್ಯೂರೋ ಡಾಕ್ಟರರು ಬಂದು ನೋಡಿದರು ಎಂಬ ಸಾಲು ಬಿಲ್ಲಿನಲ್ಲಿ ಹಾಗೇ ಉಳಿಯುತ್ತದೆ, ಅದರ ಕೆಳಗೆ ಆಸ್ಪತ್ರೆಯವರ ಔದಾರ್ಯದ ಇನ್ನೊಂದು ಸಾಲು ಸೇರುತ್ತದೆ. ಸುಳ್ಳು ದಾಖಲೆ ನಿಜವಾಗುತ್ತದೆ, ಮೇಲಿಂದ ನಾನು ಥ್ಯಾಂಕ್ಸ್ ಹೇಳಿ ಬರಬೇಕಾಗುತ್ತದೆ.

ಅದು ಬರೀ ಹಣದ ಲೆಕ್ಕವೂ ಅಲ್ಲ. ನಾಳೆ ಇದೇ ಮನುಷ್ಯನಿಗೆ ನಿಜವಾಗಿಯೂ ನರದ ತೊಂದರೆ ಬಂದು ಬೆಂಗಳೂರಿಗೋ ಮಣಿಪಾಲಕ್ಕೋ ಹೋದೆವು ಎನ್ನಿ. ಅಲ್ಲಿನ ಡಾಕ್ಟರು ಹಳೆಯ ಕಡತ ತಿರುವಿ "ಓ, ನ್ಯೂರಾಲಜಿಸ್ಟ್ ಆಗಲೇ ನೋಡಿದ್ದಾರೆ" ಎಂದುಕೊಳ್ಳುತ್ತಾರೆ. ನೋಡದ ಕಣ್ಣಿನ ಮೇಲೆ ಇನ್ನೊಬ್ಬರು ಭರವಸೆ ಇಡುತ್ತಾರೆ. ವಿಮೆ ಇರುವವರ ಬಿಲ್ಲಾಗಿದ್ದರೆ, ನಡೆಯದ ಸೇವೆಗೆ ವಿಮಾ ಕಂಪನಿಯಿಂದ ಹಣ ಹೋಗಿರುತ್ತದೆ, ಆ ವರ್ಷದ ವಿಮೆಯ ಮೊತ್ತದಲ್ಲಿ ಅಷ್ಟು ಕರಗಿರುತ್ತದೆ. ಯಾರ ಹೆಸರಿನಲ್ಲಿ ಫೀ ಹಾಕಿದರೋ ಆ ನ್ಯೂರೋ ಡಾಕ್ಟರರಿಗೆ ಇದು ಗೊತ್ತೂ ಇರಲಾರದು.

ನಾನು ಪಟ್ಟು ಬಿಡದಿದ್ದಕ್ಕೆ ಇನ್ನೊಂದು ಸಂಗತಿ ಹೊರಬಿತ್ತು. ಆ ಸಾಲು ಹೇಗೆ ಬಂತು ಎಂದು ಹುಡುಕಲು ಮ್ಯಾನೇಜರ್ ತಮ್ಮ ಕಂಪ್ಯೂಟರ್ ಹುಡುಗನನ್ನು ಕರೆಸಿದರು. ಎಮರ್ಜೆನ್ಸಿಯಲ್ಲಿ ಕಾಯಿಲೆಯ ಜಾಗದಲ್ಲಿ ತಲೆಸುತ್ತು ಎಂದು ಆರಿಸಿದ ಕೂಡಲೇ ಇಸಿಜಿ, ರಕ್ತ ಪರೀಕ್ಷೆ, ಸಿಟಿ, ನ್ಯೂರೋ ಕನ್ಸಲ್ಟೇಷನ್ ಎಲ್ಲವೂ ಒಟ್ಟಿಗೆ ತಾನಾಗಿಯೇ ಬಿಲ್ಲಿಗೆ ಬೀಳುವಂತೆ ಅದನ್ನು ಮಾಡಿಟ್ಟಿದ್ದರಂತೆ. ನ್ಯೂರೋ ಡಾಕ್ಟರು ಬರದಿದ್ದರೆ ಯಾರಾದರೂ ನೆನಪಿಟ್ಟು ಅದನ್ನು ತೆಗೆಯಬೇಕು. ಭಾನುವಾರ ಬೆಳಿಗ್ಗೆ ಯಾರೂ ತೆಗೆದಿರಲಿಲ್ಲ. ಬೇಕೆಂದೇ ಮಾಡಿದ ಮೋಸ ಇದು ಎಂದು ನಾನು ಹೇಳುವುದಿಲ್ಲ. ಆದರೆ ತಲೆಸುತ್ತು ಎಂದು ಆ ಬಾಗಿಲು ಹೊಕ್ಕ ಎಷ್ಟು ಜನರ ಬಿಲ್ಲಿನಲ್ಲಿ ಆ 1,000 ರೂಪಾಯಿ ಕೂತಿತ್ತು? ನಾನು 1,500 ತೆಗೆದುಕೊಂಡು ಚಹಾ ಕುಡಿದು ಎದ್ದು ಬಂದಿದ್ದರೆ, ಇವತ್ತೂ ಅದು ಕೂತೇ ಇರುತ್ತಿತ್ತು.

ನನ್ನ ತಂಗಿಗೆ ನಾನು ಹೇಳಬೇಕಿದ್ದ ಉತ್ತರ ಇದೇ.

ನಮ್ಮ ಕಡೆ ಆಸ್ಪತ್ರೆ ಬಿಲ್ ಎಂದರೆ ಜನರಿಗೆ ಗೊತ್ತಿರುವ ದಾರಿಗಳು ಬೇರೆ. ಕಾರ್ಪೊರೇಟರ್ ಹತ್ತಿರ ಒಂದು ಚೀಟಿ, ಶಾಸಕರ ಪಿಎಯಿಂದ ಒಂದು ಫೋನು, ಲ್ಯಾಬಿನಲ್ಲಿ ಕೆಲಸ ಮಾಡುವ ಸಂಬಂಧಿಕರ ಹುಡುಗ. ಫೋನಿನ ತೂಕ ನೋಡಿ ಶೇಕಡಾ 10, ಶೇಕಡಾ 20 ಕಡಿಮೆಯಾಗುತ್ತದೆ. ಜಗಳೂರು, ಚನ್ನಗಿರಿ, ಹರಪನಹಳ್ಳಿ ಕಡೆಯಿಂದ ಮೆಕ್ಕೆಜೋಳ ಮಾರಿದ ದುಡ್ಡನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದವನಿಗೆ ಫೋನ್ ಮಾಡಿಸಲು ಯಾರೂ ಇಲ್ಲ. ಅವನು ಪೂರ್ತಿ ಕಟ್ಟುತ್ತಾನೆ. ಕನ್ಸೆಷನ್ ಎಂಬುದು ಹೀಗೆ ಪರಿಚಯ ಇದ್ದವರಿಗೆ ಸಿಗುವ ಇನಾಮು. ಅದರ ಹೊರೆ ಪರಿಚಯ ಇಲ್ಲದವನ ಮೇಲೆ ಬೀಳುತ್ತದೆ. ತಿದ್ದುವುದಾದರೆ ಎಲ್ಲರಿಗೂ ತಿದ್ದಬೇಕಾಗುತ್ತದೆ. ಆಸ್ಪತ್ರೆಗಳಿಗೆ ಕನ್ಸೆಷನ್ ಕೊಡುವುದು ಸುಲಭವಾಗಿ, ತಿದ್ದುವುದು ಕಷ್ಟವಾಗಿ ಕಾಣುವುದು ಇದೇ ಕಾರಣಕ್ಕೆ.

ಇನ್ನೊಂದು ದಾರಿಯೂ ಇದೆ, ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಹತ್ತಿಪ್ಪತ್ತು ಜನ ಸೇರಿ ಬಂದು ಕೌಂಟರಿನ ಗಾಜು ಒಡೆಯುವುದು, ಡ್ಯೂಟಿಯಲ್ಲಿರುವ ಚಿಕ್ಕ ವಯಸ್ಸಿನ ಡಾಕ್ಟರನ್ನು ಹಿಡಿದು ಬಡಿಯುವುದು. ಇದನ್ನು ತಡೆಯಲೆಂದೇ ಕರ್ನಾಟಕದಲ್ಲಿ 2009ರಲ್ಲಿ ಪ್ರತ್ಯೇಕ ಕಾಯ್ದೆ ಬರಬೇಕಾಯಿತು. ಹೊಡೆತ ತಿನ್ನುವ ಆ ಹುಡುಗನಿಗೂ ಬಿಲ್ಲಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಸುಮ್ಮನೆ ಕಟ್ಟು, ಫೋನ್ ಮಾಡಿಸು, ಇಲ್ಲವೇ ಗಲಾಟೆ ಮಾಡು, ಇವಿಷ್ಟೇ ದಾರಿ ಎಂದು ಜನ ನಂಬಿರುವ ತನಕ ವೈದ್ಯರೂ ನೆಮ್ಮದಿಯಾಗಿ ಇರಲಾರರು. ಸೀಲು ಹಾಕಿಸಿಕೊಂಡ ಒಂದು ಹಾಳೆ ಅರ್ಜಿ ರೋಗಿಯನ್ನು ಕಾಯುವಷ್ಟೇ ವೈದ್ಯರನ್ನೂ ಕಾಯುತ್ತದೆ. ವೈದ್ಯ ಮಿತ್ರರು ಇದನ್ನು ದಯವಿಟ್ಟು ನಂಬಬೇಕು. ಬಿಲ್ಲಿನ ವಿವರ ಕೇಳುವವಳು ನಿಮ್ಮ ಶತ್ರುವಲ್ಲ.

ಕಾನೂನು ನಮ್ಮ ಕಡೆ ಇಲ್ಲವೆಂದೇನಲ್ಲ. ಐಎಂಎ ವಿರುದ್ಧ ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ಸುಪ್ರೀಂ ಕೋರ್ಟು, ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದಿತು. 2019ರ ಹೊಸ ಕಾಯ್ದೆ ಬಂದ ಮೇಲೂ ಅದು ಹಾಗೇ ಇದೆ. ಘಟನೆ ನಡೆದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕಟ್ಟಿದ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. 2008ರ ಒಂದು ತೀರ್ಪಂತೂ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ. ದೆಹಲಿಯ ಮಹಿಳೆಯೊಬ್ಬರು ಒಪ್ಪಿದ್ದು ಹೊಟ್ಟೆಯೊಳಗೆ ನೋಡುವ ತಪಾಸಣೆಗೆ. ಅವರು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನೇ ತೆಗೆದುಹಾಕಿದ್ದರು. ಸುಪ್ರೀಂ ಕೋರ್ಟು 25,000 ರೂಪಾಯಿ ಪರಿಹಾರ ಕೊಡಿಸಿತು, ಅದರ ಜೊತೆಗೆ ಆ ಶಸ್ತ್ರಚಿಕಿತ್ಸೆಯ ಫೀ ಪಡೆಯುವ ಹಕ್ಕೇ ವೈದ್ಯರಿಗಿಲ್ಲ ಎಂದಿತು. ಕಳೆದುಕೊಂಡದ್ದರ ಮುಂದೆ ಆ ಪರಿಹಾರ ಏನೇನೂ ಅಲ್ಲ. ಆದರೆ ಒಪ್ಪಿಗೆಯಿಲ್ಲದೆ ಮಾಡಿದ್ದಕ್ಕೆ ಫೀ ಇಲ್ಲ ಎಂಬ ಮಾತನ್ನು ನಾವು ಪ್ರತಿ ಬಿಲ್ಲಿನ ಮುಂದೆಯೂ ನೆನೆಯಬಹುದು.

ನಮ್ಮ ರಾಜ್ಯದ್ದೇ ಕಾಯ್ದೆ ಇನ್ನೂ ಹತ್ತಿರದ್ದು: 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನ ಕೆಪಿಎಂಇ ಎನ್ನುವುದು. ಅದರ ಪ್ರಕಾರ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನು ರೋಗಿಗಳಿಗೆ ತಿಳಿಯುವಂತೆ ಪ್ರಕಟಿಸಬೇಕು, ಅದನ್ನು ಮೀರಿ ವಸೂಲಿ ಮಾಡಬಾರದು. 2017ರ ತಿದ್ದುಪಡಿ ನೆನಪಿರಬಹುದು. ಕೆ.ಆರ್. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ, ಆ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ರಾಜ್ಯದ ಖಾಸಗಿ ವೈದ್ಯರು ಹೊರರೋಗಿ ವಿಭಾಗಗಳನ್ನೇ ಮುಚ್ಚಿ ಮುಷ್ಕರ ಮಾಡಿದರು. ದರ ನಿಗದಿಯ ಅಧಿಕಾರವೂ ಶಿಕ್ಷೆಯ ಕಲಮುಗಳೂ ಸಡಿಲವಾದವು. ಅಷ್ಟಾದರೂ ಉಳಿದುಕೊಂಡದ್ದು ಸಣ್ಣದಲ್ಲ. ರೋಗಿಗಳ ಹಕ್ಕುಗಳ ಸನ್ನದು ಕಾಯ್ದೆಯ ಭಾಗವಾಯಿತು. ಬಾಕಿ ಹಣಕ್ಕಾಗಿ ಹೆಣ ಕೊಡದೆ ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಬಂತು, ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ.

ಇಷ್ಟೆಲ್ಲ ಇದೆ. ಆದರೆ ಬಿಲ್ ಕೌಂಟರಿನ ಮುಂದೆ ನಿಂತವರಿಗೆ ಇದರ ಒಂದಕ್ಷರವೂ ಕಾಣುವುದಿಲ್ಲ. ಅಲ್ಲಿ ಗೋಡೆಯ ಮೇಲಿರುವುದು ಯಾವ ಯಾವ ವಿಮಾ ಕಂಪನಿಯವರಿಗೆ ನಗದುರಹಿತ ಸೌಲಭ್ಯ ಇದೆ ಎಂಬ ಫಲಕ, ಹಲ್ಲೆ ಮಾಡಿದರೆ ಎಷ್ಟು ಶಿಕ್ಷೆ ಎಂಬ ಫಲಕ. ಎರಡೂ ಇರಲಿ. ಅವುಗಳ ಪಕ್ಕದಲ್ಲಿ, ಬಿಲ್ಲಿನ ಬಗ್ಗೆ ತಕರಾರಿದ್ದರೆ ಯಾರಿಗೆ ಬರೆಯಬೇಕು ಎಂಬ ಮೂರನೆಯ ಫಲಕ ಕನ್ನಡದಲ್ಲಿ ಯಾಕಿಲ್ಲ?

2018ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಬಿಡಿಸಿ ನೋಡಿ, ಕೆಲವು ಸಾಮಗ್ರಿಗಳ ಮೇಲೆ ಶೇಕಡಾ 1,737ರ ತನಕ ಲಾಭ ಹಾಕಿದ್ದಾರೆ ಎಂದು ಪ್ರಕಟಿಸಿತು. ಆ ಸಂಖ್ಯೆ ನೋಡಿ ಎಲ್ಲರೂ ಬೆಚ್ಚಿದರು. ನನ್ನ ಗಮನ ಹೋದದ್ದು ಬೇರೆ ಕಡೆಗೆ. ಸಾಲು ಸಾಲಾಗಿ ಬಿಡಿಸಿದ್ದರಿಂದಲೇ ಅದು ಕಂಡಿತು. ಮೂರು ಸಾಲಿನ ಚೀಟಿಯಲ್ಲಿ ಏನೂ ಕಾಣುವುದಿಲ್ಲ. ವಿವರವಾದ ಬಿಲ್ಲನ್ನು ಕೇಳಿದವರಿಗೆ ಮಾತ್ರ ಕೊಡುವುದಲ್ಲ, ಎಲ್ಲರಿಗೂ ಮೊದಲಿಗೇ ಕೊಡಬೇಕು, ಕನ್ನಡದಲ್ಲಿ ಕೊಡಬೇಕು. ಕಂಪ್ಯೂಟರಿನಲ್ಲಿ ಅದು ಆಗಲೇ ಇದೆ. ಬಟನ್ ಒತ್ತುವುದಷ್ಟೇ ಬಾಕಿ ಎಂದು ಆ ಹುಡುಗಿ ತೋರಿಸಿಕೊಟ್ಟಳು.

ಆಸ್ಪತ್ರೆ ನಡೆಸುವವರ ಕಷ್ಟ ನನಗೆ ತಿಳಿಯದ್ದಲ್ಲ. ನಮ್ಮ ಸಂಘದಲ್ಲೇ ಸಾಲ ಪಡೆದು ನರ್ಸಿಂಗ್ ಹೋಮ್ ಕಟ್ಟಿದ ವೈದ್ಯ ದಂಪತಿಯ ಕಂತುಗಳನ್ನು ನಾನೇ ಬರೆದುಕೊಂಡಿದ್ದೇನೆ. ಭಾನುವಾರ ಬೆಳಗಿನ ಜಾವ ನರ್ಸ್, ಟೆಕ್ನಿಷಿಯನ್, ಜನರೇಟರ್ ಎಲ್ಲ ಸಿದ್ಧವಾಗಿಡಲು ಹಣ ಬೇಕು. ಎಮರ್ಜೆನ್ಸಿ ಚಾರ್ಜ್ 1,200 ಎಂದು ಬಾಗಿಲಲ್ಲೇ ಬರೆದು ಹಾಕಿದ್ದರೆ, ಇಲ್ಲವೇ ಇಸಿಜಿಯ ವೈರು ಅಂಟಿಸುವ ಹೊತ್ತಿಗೆ ಒಂದು ಮಾತು ಹೇಳಿದ್ದರೆ, ನಾನು ಒಂದೂ ಮಾತಾಡದೆ ಕಟ್ಟುತ್ತಿದ್ದೆ. ಜೀವ ಕೈಯಲ್ಲಿ ಹಿಡಿದು ಬಂದವರಿಗೆ ದರ ಹೇಳುತ್ತಾ ಕೂರಲಾಗುತ್ತದೆಯೇ ಎಂದು ಮ್ಯಾನೇಜರ್ ಕೇಳಿದರು. ಪ್ರಶ್ನೆ ಸರಿಯೇ, ಚಿಕಿತ್ಸೆ ಮೊದಲು. ಆದರೆ ಇವರ ವಾಂತಿ ನಿಂತು, ಸ್ಕ್ಯಾನಿನ ವರದಿಗಾಗಿ ಕಾಯುತ್ತಾ ನಾವು ಸುಮ್ಮನೆ ಕೂತಿದ್ದ ಹೊತ್ತು ಬೇಕಾದಷ್ಟಿತ್ತು. ಅಡ್ವಾನ್ಸ್ ಕಟ್ಟಿ ಎಂದು ಹೇಳಲು ಆ ಹೊತ್ತಿನಲ್ಲೇ ಬಂದಿದ್ದರಲ್ಲ.

ಕೊನೆಗೆ ಅವರು ಬಿಲ್ ತಿದ್ದಿದರು. ನ್ಯೂರೋ ಕನ್ಸಲ್ಟೇಷನ್ 1,000, ಬಳಸದ ಔಷಧಿ, ಡ್ರಿಪ್ ಸೆಟ್ 312, ರದ್ದು ಎಂದು ಕಾರಣ ಸಮೇತ ನಮೂದಿಸಿ ಹೊಸ ಬಿಲ್ ಕೊಟ್ಟರು. ಹಣ ಇವರ ಖಾತೆಗೆ ಬಂತು. ತಲೆಸುತ್ತಿನ ಪಟ್ಟಿಯಿಂದ ನ್ಯೂರೋ ಕನ್ಸಲ್ಟೇಷನನ್ನು ತೆಗೆದುಹಾಕಿದ್ದೇವೆ, ಇನ್ನು ಮುಂದೆ ಡಾಕ್ಟರು ಬಂದು ನೋಡಿದ ಮೇಲೆ ಮಾತ್ರ ಸೇರಿಸುತ್ತೇವೆ ಎಂದು ಪತ್ರವನ್ನೂ ಬರೆದುಕೊಟ್ಟರು. ಆ ಮ್ಯಾನೇಜರ್ ಕೊಟ್ಟ ಮಾತು ಉಳಿಸಿಕೊಂಡರು. ಅದನ್ನು ಹೇಳುವುದು ನನ್ನ ಕರ್ತವ್ಯ.

ಎಮರ್ಜೆನ್ಸಿ ಚಾರ್ಜನ್ನು ಮಾತ್ರ ಅವರು ಬಿಡಲಿಲ್ಲ. ಒಳಗಿನ ಬೀರುವಿನಿಂದ ಒಂದು ಪುಸ್ತಿಕೆ ತೆಗೆದು, ಅದರಲ್ಲಿ ಆ ದರ ಅಚ್ಚಾಗಿರುವುದನ್ನು ತೋರಿಸಿದರು. ಬೀರುವಿನೊಳಗಿನ ದರಪಟ್ಟಿ ಪ್ರಕಟಿಸಿದ ದರಪಟ್ಟಿಯೇ? ಆ ಪ್ರಶ್ನೆಯನ್ನು ಜಿಲ್ಲಾ ಕುಂದುಕೊರತೆ ಪ್ರಾಧಿಕಾರಕ್ಕೆ ಬರೆದು ಕೊಟ್ಟಿದ್ದೇನೆ. ಸ್ವೀಕೃತಿ ಬಂದಿದೆ, ವಿಚಾರಣೆ ಆಗಬೇಕಿದೆ. ಅದೇ ಅರ್ಜಿಯಲ್ಲಿ ಇನ್ನೊಂದು ಬೇಡಿಕೆಯನ್ನೂ ಇಟ್ಟಿದ್ದೇನೆ. ನನಗಿಂತ ಮೊದಲು ತಲೆಸುತ್ತೆಂದು ಬಂದು, ನ್ಯೂರೋ ಡಾಕ್ಟರ ಮುಖ ನೋಡದೆ 1,000 ರೂಪಾಯಿ ಕಟ್ಟಿ ಹೋದವರೆಲ್ಲರಿಗೂ ಆ ಹಣ ವಾಪಸು ಹೋಗಬೇಕು. ಯಾರ ಕಡತದಲ್ಲಿ ಡಾಕ್ಟರ ಟಿಪ್ಪಣಿ ಇಲ್ಲ, ಬಿಲ್ಲಿನಲ್ಲಿ ಮಾತ್ರ ಫೀ ಇದೆ ಎಂದು ನೋಡಿದರೆ ಸಾಕು, ಪಟ್ಟಿ ಸಿದ್ಧವಾಗುತ್ತದೆ. ನೋಂದಣಿಗೆಂದು ತಲಾ 150 ರೂಪಾಯಿ ತೆಗೆದುಕೊಂಡು, ಅವರ ಹೆಸರು, ಊರು, ಫೋನ್ ನಂಬರ್ ಎಲ್ಲವನ್ನೂ ಆಸ್ಪತ್ರೆಯವರು ಬರೆದಿಟ್ಟುಕೊಂಡಿದ್ದಾರೆ.